ಅಲಾರಂ ಹೊಡೆದ ಮೇಲಿನ ಅರ್ಧ ಗಂಟೆ

ಬೆಳಗ್ಗೆ ಅಲಾರಂ ಹೊಡೆದ ಕೂಡಲೇ ಏಳಲಾಗದವರಿಗೆ ನಮ್ಮಲ್ಲಿ ಸಿಗುವ ಮೊದಲ ಬಿರುದು ಸೋಮಾರಿ. ಅಪ್ಪ ಮಗನಿಗೆ ಹೇಳುತ್ತಾರೆ, ಅತ್ತೆ ಸೊಸೆಗೆ ಹೇಳುತ್ತಾರೆ, ಹಾಸ್ಟೆಲ್ ವಾರ್ಡನ್ ಹುಡುಗರಿಗೆ ಹೇಳುತ್ತಾರೆ. ಹೇಳುವವರು ಯಾರೂ ಇಲ್ಲದಿದ್ದರೆ ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಐದೂವರೆಗೆ ಒಂದು, ಐದೂ ನಲವತ್ತಕ್ಕೆ ಒಂದು, ಆರಕ್ಕೆ ಮತ್ತೊಂದು ಎಂದು ಮೊಬೈಲಿನಲ್ಲಿ ಸಾಲಾಗಿ ಅಲಾರಂ ಇಟ್ಟು, ಒಂದೊಂದನ್ನೇ ನಿದ್ದೆಗಣ್ಣಲ್ಲಿ ಬಂದ್ ಮಾಡಿ, ಕೊನೆಗೆ ಗಡಿಬಿಡಿಯಲ್ಲಿ ಎದ್ದು, ‘ನನಗೆ ಶಿಸ್ತೇ ಇಲ್ಲ’ ಎಂದು ಬೈದುಕೊಳ್ಳುತ್ತಲೇ ದಿನ ಶುರುಮಾಡುವವರು ಎಷ್ಟೋ ಮಂದಿ. ಈ ಆಪಾದನೆ ಬಹುಮಟ್ಟಿಗೆ ತಪ್ಪು ಎಂಬುದು ನನ್ನ ವಾದ. ಏಳಲಾಗದಿರುವುದರ ಕಾರಣ ಮಿದುಳಿನಲ್ಲಿದೆ, ಹಿಂದಿನ ರಾತ್ರಿಯಲ್ಲಿದೆ, ನಮ್ಮ ಶಾಲೆ ಕಚೇರಿಗಳ ವೇಳಾಪಟ್ಟಿಯಲ್ಲಿದೆ. ಮನೋಬಲಕ್ಕೆ ಇದರಲ್ಲಿರುವ ಪಾಲು ಸಣ್ಣದು.

ಅಲಾರಂ ಸದ್ದಿಗೆ ಕಣ್ಣು ಬಿಟ್ಟಾಗ ಇಡೀ ಮಿದುಳು ಒಟ್ಟಿಗೇ ಎಚ್ಚರಗೊಳ್ಳುವುದಿಲ್ಲ. ಮಿದುಳಿನ ಬುಡದ ಭಾಗ ಮತ್ತು ನಡುವಿನ ಥಲಾಮಸ್ ಕೆಲವೇ ನಿಮಿಷಗಳಲ್ಲಿ ಕೆಲಸಕ್ಕೆ ಮರಳುತ್ತವೆ. ಹಣೆಯ ಹಿಂದಿನ ಭಾಗಕ್ಕೆ ಮಾತ್ರ ಹೆಚ್ಚು ಹೊತ್ತು ಬೇಕು. ಲೆಕ್ಕ ಹಾಕುವುದು, ಮುಂದಾಲೋಚನೆ ಮಾಡುವುದು, ‘ಈಗ ಮಲಗಿದರೆ ಬಸ್ಸು ತಪ್ಪುತ್ತದೆ’ ಎಂದು ಎಚ್ಚರಿಸುವುದು, ಆಸೆಯನ್ನು ತಡೆಹಿಡಿಯುವುದು ಎಲ್ಲವೂ ಆ ಭಾಗದ ಕೆಲಸವೇ. ಆಗತಾನೆ ಎದ್ದವರ ಮಿದುಳಿಗೆ ರಕ್ತ ಹರಿಯುವ ಬಗೆಯನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಹಿಂದುಮುಂದನ್ನು ಸ್ಪಷ್ಟವಾಗಿ ತೋರಿಸಿತು. ಎಚ್ಚರವಾದ ಮೇಲೂ ಉಳಿಯುವ ಈ ಮಂಪರಿಗೆ ವಿಜ್ಞಾನಿಗಳು ಸ್ಲೀಪ್ ಇನರ್ಷಿಯಾ ಎನ್ನುತ್ತಾರೆ. ಸಾಮಾನ್ಯವಾಗಿ ಇದು 15ರಿಂದ 30 ನಿಮಿಷ ಇರುತ್ತದೆ. ನಿದ್ದೆಗೆಟ್ಟವರಲ್ಲಿ ಒಂದು ಗಂಟೆಗೂ ಮೀರಬಹುದು. ‘ಇನ್ನೈದು ನಿಮಿಷ’ ಎಂಬ ತೀರ್ಮಾನವನ್ನು ನಾವು ತೆಗೆದುಕೊಳ್ಳುವುದು, ತೀರ್ಮಾನ ತೆಗೆದುಕೊಳ್ಳುವ ಭಾಗ ಇನ್ನೂ ಪೂರ್ತಿ ಏಳದಿರುವ ಹೊತ್ತಿನಲ್ಲಿ. ಆ ಹೊತ್ತಿನ ನಡವಳಿಕೆಯಿಂದ ಒಬ್ಬ ಮನುಷ್ಯನ ಗುಣವನ್ನು ಅಳೆಯುವುದು ನ್ಯಾಯವಲ್ಲ.

ಈ ಮಂಪರು ಎಷ್ಟು ಗಂಭೀರ ಸಂಗತಿ ಎಂಬುದನ್ನು ಕರ್ನಾಟಕ ಬಹಳ ದೊಡ್ಡ ಬೆಲೆ ಕೊಟ್ಟು ಕಂಡಿದೆ. 2010ರ ಮೇ 22ರ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ ಬದುಕಿ ಬಂದವರು 8 ಮಂದಿ. ತನಿಖಾ ನ್ಯಾಯಾಲಯದ ವರದಿ ಹೇಳಿದಂತೆ, ವಿಮಾನ ಹಾರುತ್ತಿದ್ದಾಗ ಕ್ಯಾಪ್ಟನ್ ದೀರ್ಘ ನಿದ್ದೆಯಲ್ಲಿದ್ದರು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗೊರಕೆಯ ಸದ್ದು ದಾಖಲಾಗಿತ್ತು. ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿಲ್ಲ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸುವ ಪ್ರಯತ್ನ ಬಿಡಲಿಲ್ಲ. ನಿದ್ದೆಯಿಂದ ಎದ್ದ ಮೇಲಿನ ಮಂಪರು, ಜೊತೆಗೆ ದೇಹ ಅತಿ ಹೆಚ್ಚು ಕುಂದಿರುವ ಬೆಳಗಿನ ಜಾವದ ಹೊತ್ತು, ಇವೆರಡೂ ಅವರ ವಿವೇಚನೆಯನ್ನು ಕುಗ್ಗಿಸಿರಬಹುದು ಎಂದು ವರದಿ ದಾಖಲಿಸಿತು. ಸಾವಿರಾರು ಗಂಟೆ ವಿಮಾನ ಹಾರಿಸಿದ ಅನುಭವವಿದ್ದವರ ವಿಷಯದಲ್ಲೇ ಇಂಥ ಮಾತು ಬರೆಯಬೇಕಾಯಿತು. ನಸುಕಿಗೆ ಎದ್ದು ನೇರವಾಗಿ ಲಾರಿ, ಬಸ್ಸು, ಬೈಕು ಓಡಿಸಲು ಹೊರಡುವವರು ಮೊದಲ ಅರ್ಧ ಗಂಟೆಯನ್ನು ಮುಖ ತೊಳೆದು, ಓಡಾಡಿ, ಏನಾದರೂ ಕುಡಿದು ಕಳೆಯಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಎಲ್ಲ ಬೆಳಗ್ಗೆಯ ಮಂಪರೂ ಒಂದೇ ತೂಕದ್ದಲ್ಲ. ರಾತ್ರಿಯ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಒಂದೊಂದು ಸುತ್ತಿನಲ್ಲೂ ತೆಳು ನಿದ್ದೆ, ಗಾಢ ನಿದ್ದೆ, ಕನಸುಗಳು ತುಂಬಿದ ನಿದ್ದೆ ಬಂದುಹೋಗುತ್ತವೆ. ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ಈ ಕನಸಿನ ನಿದ್ದೆಯನ್ನು ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಜಗತ್ತಿಗೆ ತಿಳಿಸಿದರು. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲೇ ಮುಗಿಯುತ್ತದೆ. ಹತ್ತಕ್ಕೆ ಮಲಗಿದವರಿಗೆ ಬೆಳಗ್ಗೆ ಆರಕ್ಕೆ ಅಲಾರಂ ಹೊಡೆದಾಗ ಅವರು ತೆಳು ನಿದ್ದೆಯಲ್ಲೋ ಕನಸಿನಲ್ಲೋ ಇರುವ ಸಾಧ್ಯತೆ ಹೆಚ್ಚು. ರಾತ್ರಿ ಒಂದೂವರೆಗೆ ಮಲಗಿ ಐದಕ್ಕೆ ಅಲಾರಂ ಇಟ್ಟವರನ್ನು ಆ ಸದ್ದು ಗಾಢ ನಿದ್ದೆಯಿಂದಲೇ ಎಳೆದು ತರಬಹುದು. ಆಗ ತಾನೆಲ್ಲಿದ್ದೇನೆ, ಇದು ಯಾವ ವಾರ ಎಂಬುದೂ ಹೊಳೆಯುವುದಿಲ್ಲ.

ನಿದ್ದೆಯನ್ನು ಆಳುವ ಶಕ್ತಿಗಳು ಎರಡು. 1982ರಲ್ಲಿ ಜ್ಯೂರಿಕ್‌ನ ಅಲೆಕ್ಸಾಂಡರ್ ಬೊರ್ಬೆಲಿ ಇದನ್ನು ಒಂದು ಮಾದರಿಯಾಗಿ ಮುಂದಿಟ್ಟರು. ಮೊದಲನೆಯದು ನಿದ್ದೆಯ ಹಸಿವು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತ ಹೋಗುತ್ತದೆ, ನಿದ್ದೆ ಮಾಡಿದಾಗ ಕರಗುತ್ತದೆ. ಸಾಕಷ್ಟು ಮಲಗದೆ ಎದ್ದರೆ ಹಳೆಯ ಬಾಕಿ ಹಾಗೇ ಉಳಿದಿರುತ್ತದೆ. ನಮ್ಮ ಫಿಲ್ಟರ್ ಕಾಫಿ ಮಾಡುವುದು ಈ ಅಡಿನೋಸಿನ್ ಕೂರುವ ಜಾಗವನ್ನು ಹೋಗಿ ಹಿಡಿಯುವ ಕೆಲಸ. ಬಾಕಿ ತೀರುವುದಿಲ್ಲ, ಸ್ವಲ್ಪ ಹೊತ್ತು ಕಾಣದಂತಾಗುತ್ತದೆ ಅಷ್ಟೆ. ಎರಡನೆಯದು ಜೈವಿಕ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಹೈಪೊಥಲಾಮಸ್‌ನಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ನಮ್ಮ ದಿನ ಯಾವಾಗ ಶುರು, ರಾತ್ರಿ ಯಾವಾಗ ಶುರು ಎಂಬುದನ್ನು ದೇಹಕ್ಕೆಲ್ಲ ತಿಳಿಸುವುದು ಅದೇ.

ಇಂಥ ಒಳಗಡಿಯಾರವಿದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ನಮ್ಮ ತೋಟದ ಅಂಚಿನಲ್ಲೂ ಬೆಳೆಯುವ ಮುಟ್ಟಿದರೆ ಮುನಿಯ ಜಾತಿಯ ಗಿಡದಿಂದ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಅಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದು ಹಗಲಲ್ಲಿ ಎಲೆ ಬಿಚ್ಚಿ ರಾತ್ರಿ ಮುಚ್ಚುತ್ತಿತ್ತು. ಮನುಷ್ಯರ ಸರದಿ ಬಂದದ್ದು 1938ರಲ್ಲಿ. ಅದೇ ಕ್ಲೈಟ್‌ಮನ್ ತಮ್ಮ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಜೊತೆ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ಉಳಿದು, ದಿನಕ್ಕೆ 28 ಗಂಟೆ ಎಂಬಂತೆ ಬದುಕಲು ನೋಡಿದರು. ಕಿರಿಯ ರಿಚರ್ಡ್‌ಸನ್ ಹೊಂದಿಕೊಂಡರು, ನಲವತ್ತು ದಾಟಿದ ಕ್ಲೈಟ್‌ಮನ್ ದೇಹ ಹಳೆಯ ಲಯ ಬಿಡಲೇ ಇಲ್ಲ. ನಮ್ಮ ನೆರೆಯಲ್ಲೇ, ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಆ ಗುಹೆಯಂಥದೇ ಕೋಣೆಯೊಂದನ್ನು ಸಿದ್ಧಮಾಡಿ, ಗಡಿಯಾರವೂ ಕಿಟಕಿಯೂ ಇಲ್ಲದ ಕಡೆ ಸ್ವಯಂಸೇವಕರು ಯಾವಾಗ ಮಲಗುತ್ತಾರೆ, ಯಾವಾಗ ಏಳುತ್ತಾರೆ ಎಂದು ದಾಖಲಿಸಿದರು. ಅವರು ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು.

ಆ ಜಕ್ಕೂರಿನ ಕೆಲಸ ಕನ್ನಡಿಗರಿಗೆ ಇನ್ನಷ್ಟು ಪರಿಚಯವಾಗಬೇಕಿತ್ತು. ಅಲ್ಲಿ ವಿಜಯ್ ಕುಮಾರ್ ಶರ್ಮ ಮತ್ತು ಅವರ ವಿದ್ಯಾರ್ಥಿಗಳು ಬಾಳೆಹಣ್ಣಿನ ಮೇಲೆ ಕೂರುವ ಹಣ್ಣುನೊಣಗಳನ್ನು ಎರಡು ಗುಂಪು ಮಾಡಿದರು. ಬೆಳಗ್ಗೆ ಕೋಶದಿಂದ ಹೊರಬರುವ ನೊಣಗಳ ಸಂತತಿ ಒಂದು ಕಡೆ, ಸಂಜೆ ಹೊರಬರುವವುಗಳ ಸಂತತಿ ಇನ್ನೊಂದು ಕಡೆ. ತಲೆಮಾರಿನಿಂದ ತಲೆಮಾರಿಗೆ ಹೀಗೆ ಆರಿಸುತ್ತ ಹೋದಾಗ ಬೆಳಗಿನ ಗುಂಪಿನ ಗಡಿಯಾರ ಸ್ವಲ್ಪ ಬೇಗ ಓಡುವಂತೆಯೂ ಸಂಜೆಯ ಗುಂಪಿನದು ನಿಧಾನಿಸುವಂತೆಯೂ ಆಯಿತು. ಬೇಗ ಏಳುವುದು, ತಡವಾಗಿ ಏಳುವುದು ಹುಟ್ಟಿನಿಂದ ಬರಬಹುದು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಕಿಲ್ಲ. ಮನುಷ್ಯರಲ್ಲೂ ಹಾಗೇ. ಸಂಜೆ ಏಳೂವರೆಗೇ ನಿದ್ದೆ ಎಳೆದು, ಬೆಳಗಿನ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುವ ಕುಟುಂಬವೊಂದರಲ್ಲಿ ಒಂದೇ ಜೀನಿನ ಬದಲಾವಣೆ ಅದಕ್ಕೆ ಕಾರಣವೆಂದು 2001ರಲ್ಲಿ ಪತ್ತೆಯಾಯಿತು. ನಾಲ್ಕಕ್ಕೇ ಎದ್ದು ಅಂಗಳ ಗುಡಿಸುತ್ತಿದ್ದ ಅಜ್ಜಿಯನ್ನು ಮನೆಮಂದಿ ಮೆಚ್ಚಿದ್ದರಲ್ಲಿ ತಪ್ಪಿಲ್ಲ. ಆದರೆ ಅದೇ ಮನೆಯ ಮೊಮ್ಮಗ ಎಂಟಕ್ಕೆ ಏಳುವುದನ್ನು ಅಜ್ಜಿಯ ಮಾದರಿಗೆ ಹೋಲಿಸಿ ಬೈಯುವಾಗ ವಯಸ್ಸು, ಹುಟ್ಟು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಗಡಿಯಾರ ಬೆಳಗಿನ ಕಡೆ ಸರಿಯುತ್ತದೆ.

ಈ ಗಡಿಯಾರ ಏಳುವ ಸಿದ್ಧತೆಯನ್ನು ಅಲಾರಂಗಿಂತ ಬಹಳ ಮೊದಲೇ ಶುರುಮಾಡುತ್ತದೆ. ನಾವು ಏಳುವ ರೂಢಿಯ ಸಮಯಕ್ಕೆ ಸುಮಾರು ಎರಡು ಗಂಟೆ ಮೊದಲು ಮೈಯ ಬಿಸಿ ಅತ್ಯಂತ ಕೆಳಗಿಳಿದಿರುತ್ತದೆ, ಅಲ್ಲಿಂದ ಮೇಲೇರತೊಡಗುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತ ಬಂದು, ಎದ್ದ ಮೇಲಿನ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ರೈಲು ಹಿಡಿಯಬೇಕಾದ ದಿನ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗುವುದು ಎಲ್ಲರಿಗೂ ಗೊತ್ತಿರುವ ಅನುಭವ. ಜರ್ಮನಿಯ ಲ್ಯೂಬೆಕ್‌ನಲ್ಲಿ ಯಾನ್ ಬಾರ್ನ್ ಮತ್ತು ಸಂಗಡಿಗರು 1999ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಬೆಳಗ್ಗೆ ಆರಕ್ಕೆ ಎಬ್ಬಿಸುತ್ತೇವೆ ಎಂದು ಹೇಳಿ ಮಲಗಿಸಿದವರ ರಕ್ತದಲ್ಲಿ, ಆರಕ್ಕೆ ಒಂದು ಗಂಟೆಗೂ ಮೊದಲಿನಿಂದಲೇ ಕಾರ್ಟಿಸಾಲನ್ನು ಪ್ರಚೋದಿಸುವ ಹಾರ್ಮೋನು ಏರತೊಡಗಿತು. ಒಂಬತ್ತಕ್ಕೆ ಎಬ್ಬಿಸುವುದಾಗಿ ಹೇಳಿ ಆರಕ್ಕೇ ಎಬ್ಬಿಸಿದವರಲ್ಲಿ ಆ ಏರಿಕೆ ಇರಲಿಲ್ಲ. ನಿದ್ದೆಯಲ್ಲೂ ಮನಸ್ಸು ಹೊತ್ತನ್ನು ಎಣಿಸುತ್ತಿರುತ್ತದೆ ಎಂದಾಯಿತು. ದಿನಕ್ಕೊಂದು ಹೊತ್ತಿಗೆ ಏಳುವವರು ದೇಹಕ್ಕೆ ಈ ಸಿದ್ಧತೆಯ ಅವಕಾಶವನ್ನೇ ಕೊಡುವುದಿಲ್ಲ. ನಿಗದಿತ ಸಮಯಕ್ಕೆ ಏಳಬೇಕು ಎಂಬ ಹಿರಿಯರ ಒತ್ತಾಯದಲ್ಲಿ ಗಟ್ಟಿಯಾಗಿ ನಿಲ್ಲುವ ತಿರುಳು ಇದೇ.

ಹಿಂದೆ ಎಬ್ಬಿಸುತ್ತಿದ್ದವರು ಬೇರೆ. ಹಳ್ಳಿಯಲ್ಲಿ ಕೋಳಿ, ದೇವಸ್ಥಾನದ ಗಂಟೆ, ಮಸೀದಿಯ ಆಜಾನು. ಗಿರಣಿಗಳ ಊರಿನಲ್ಲಿ ಸೈರನ್ನು. ರೇಡಿಯೊ ಬಂದ ಮೇಲೆ ಆಕಾಶವಾಣಿಯ ಆರಂಭದ ಆ ನಾದ. ಕೋಳಿ ಬೆಳಕು ಕಂಡು ಕೂಗುತ್ತದೆ ಎಂದು ನಂಬಿದ್ದೆವು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಪ್ರಕಾರ ಅದಕ್ಕೂ ಒಳಗಡಿಯಾರವಿದೆ, ಮಂದ ಬೆಳಕಿನಲ್ಲೇ ಇಟ್ಟರೂ ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಹಿಂದೆ ಹೀಗೆ ಎಬ್ಬಿಸುತ್ತಿದ್ದ ಸದ್ದುಗಳಿಗೆಲ್ಲ ಒಂದು ಗುಣವಿತ್ತು. ಒಮ್ಮೆ ಕೂಗಿದರೆ ಇಡೀ ಊರಿಗೆ ಕೂಗಿದಂತೆ, ಎಲ್ಲರೂ ಒಟ್ಟಿಗೇ ಏಳುತ್ತಿದ್ದರು. ಕಿವಿಯ ಪಕ್ಕದಲ್ಲಿ ಒಬ್ಬೊಬ್ಬರಿಗೇ ಬೇರೆ ಬೇರೆ ಹೊತ್ತಿಗೆ ಹೊಡೆದು, ಬೆರಳು ತಾಗಿಸಿದರೆ ಸುಮ್ಮನಾಗುವ ಅಲಾರಂ ಹೊಸದು.

ಹಾಗೆ ಸುಮ್ಮನಾಗಿಸುವ ಸ್ನೂಝ್ ಗುಂಡಿಯನ್ನು 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಟೆಲಿಕ್ರಾನ್ ಗಡಿಯಾರ ಮನೆಮನೆಗೆ ತಂದಿತು. ಆಗಿನಿಂದ ಅದಕ್ಕೆ ಕೆಟ್ಟ ಹೆಸರೇ. ಚೂರು ಚೂರು ನಿದ್ದೆ ಮಂಪರನ್ನು ಹೆಚ್ಚಿಸುತ್ತದೆ, ಸ್ನೂಝ್ ಒತ್ತಿದರೆ ದಿನವೇ ಹಾಳು ಎಂದು ಆರೋಗ್ಯ ಪುಟಗಳಲ್ಲಿ ಎಷ್ಟೋ ಸಲ ಓದಿದ್ದೇವೆ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಟೀನಾ ಸುಂದೆಲಿನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಸಡಿಲಿಸಿತು. ಅವರು ಪ್ರಶ್ನೆ ಕೇಳಿದ 1,732 ಮಂದಿಯಲ್ಲಿ ಶೇಕಡಾ 69 ಜನ ಒಮ್ಮೊಮ್ಮೆಯಾದರೂ ಸ್ನೂಝ್ ಒತ್ತುವವರು. ಅದೇ ರೂಢಿಯ 31 ಮಂದಿಯನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದಾಗ, ಅರ್ಧ ಗಂಟೆಯ ಸ್ನೂಝ್‌ನಿಂದ ಅವರು ಕಳೆದುಕೊಂಡದ್ದು ಸುಮಾರು ಆರು ನಿಮಿಷದ ನಿದ್ದೆ. ಎದ್ದ ಕೂಡಲೇ ಕೊಟ್ಟ ಬುದ್ಧಿಪರೀಕ್ಷೆಗಳಲ್ಲಿ ಅವರು ಹಿಂದೆ ಬೀಳಲಿಲ್ಲ, ಕೆಲವದರಲ್ಲಿ ತುಸು ಮುಂದೆಯೇ ಇದ್ದರು. ನಡುನಡುವೆ ಎಚ್ಚರಿಸಿದ್ದರಿಂದ ಅವರು ಗಾಢ ನಿದ್ದೆಯಿಂದ ಏಳುವುದು ತಪ್ಪಿತ್ತು.

ಅರ್ಧ ಗಂಟೆಯ ಸ್ನೂಝ್‌ಗಾಗಿ ಯಾರೂ ನಾಚಬೇಕಿಲ್ಲ ಎಂಬುದನ್ನು ಈ ಫಲಿತಾಂಶದಿಂದ ನಾನು ತೆಗೆದುಕೊಳ್ಳುತ್ತೇನೆ. ಒಂದೂವರೆ ಎರಡು ಗಂಟೆ ಮೊದಲಿನಿಂದಲೇ ಅಲಾರಂಗಳ ಸಾಲು ಇಡುವುದು ಬೇರೆ ವಿಷಯ. ಕನಸಿನ ನಿದ್ದೆ ಹೆಚ್ಚಾಗಿ ಬರುವುದೇ ಬೆಳಗಿನ ಜಾವದಲ್ಲಿ. ಆ ಹೊತ್ತನ್ನು ಹತ್ತು ಹತ್ತು ನಿಮಿಷಕ್ಕೆ ಹರಿದು ಹಾಕಿದರೆ ಹೋಗುವುದು ನಿಜವಾದ ನಿದ್ದೆ, ಸಿಗುವುದು ಏನೂ ಇಲ್ಲ. ಪಕ್ಕದಲ್ಲಿ ಮಲಗಿದವರ ನಿದ್ದೆಯೂ ಕೆಡುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲಾರಂ ಸದ್ದಿನ ಬಗ್ಗೆಯೂ ಒಂದು ಮಾತು. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ 50 ಮಂದಿಯನ್ನು ವಿಚಾರಿಸಿದಾಗ, ಕರ್ಕಶವಾದ ಬೀಪ್ ಸದ್ದಿಗಿಂತ ರಾಗವಾಗಿರುವ ಸದ್ದಿಗೆ ಎದ್ದವರು ಮಂಪರು ಕಡಿಮೆ ಎಂದರು. ಸುಪ್ರಭಾತ ಕೇಳಿ ಎದ್ದು ಬೆಳೆದ ನಮ್ಮ ತಲೆಮಾರಿಗೆ ಇದು ಅಚ್ಚರಿಯಲ್ಲ.

ಏಳುವುದಕ್ಕೆ ನಿಜವಾಗಿ ನೆರವಾಗುವುದು ಬೆಳಕು. ಕಣ್ಣಿನ ಅಕ್ಷಿಪಟದಲ್ಲಿ, ನೋಟಕ್ಕೆ ಬೇಕಾದ ಕೋಶಗಳ ಹೊರತಾಗಿ, ಬೆಳಕನ್ನು ಅಳೆದು ಆ 20,000 ನರಕೋಶಗಳ ಗುಂಪಿಗೆ ತಿಳಿಸುವ ಬೇರೆಯೇ ಕೋಶಗಳಿವೆ ಎಂಬುದು ಗೊತ್ತಾದದ್ದು 2002ರ ಸುಮಾರಿಗೆ. ಮನುಷ್ಯರ ಒಳಗಡಿಯಾರ ಸರಾಸರಿ 24 ಗಂಟೆಗಿಂತ ತುಸು ಉದ್ದ. ದಿನಾ ಬೆಳಗಿನ ಬೆಳಕು ಅದನ್ನು ಹಿಂದಕ್ಕೆಳೆದು ಸರಿಮಾಡದಿದ್ದರೆ ಅದು ಮುಂದಕ್ಕೆ ಮುಂದಕ್ಕೆ ಜಾರುತ್ತದೆ. ಟ್ಯೂಬ್‌ಲೈಟಿನ ಕೋಣೆಗಿಂತ ಮೋಡ ಕವಿದ ದಿನದ ಅಂಗಳವೂ ಹತ್ತಾರು ಪಟ್ಟು ಬೆಳಕಾಗಿರುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಕೆನೆತ್ ರೈಟ್ 2013ರಲ್ಲಿ ಎಂಟು ಮಂದಿಯನ್ನು ಒಂದು ವಾರ ಬೆಟ್ಟದಲ್ಲಿ ಬಿಡಾರ ಹೂಡಿಸಿದರು. ಟಾರ್ಚೂ ಇಲ್ಲ, ಫೋನೂ ಇಲ್ಲ, ಬಿಸಿಲು ಮತ್ತು ಬೆಂಕಿಯ ಬೆಳಕು ಮಾತ್ರ. ವಾರ ಮುಗಿಯುವ ಹೊತ್ತಿಗೆ ಅವರೆಲ್ಲರ ಜೈವಿಕ ಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಬಂದಿತ್ತು. ರಾತ್ರಿ ತಡವಾಗಿ ಮಲಗುತ್ತಿದ್ದವರ ಗಡಿಯಾರವೂ ಸೂರ್ಯನ ಲಯಕ್ಕೆ ಹೊಂದಿಕೊಂಡಿತ್ತು.

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎನ್ನುವ ಮಾತನ್ನು ಈ ಬೆಳಕಿನಲ್ಲೇ ನೋಡಬೇಕು. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗುವ ಹೊತ್ತು. ಲೆಕ್ಕವೆಲ್ಲ ಸೂರ್ಯನದು, ಗೋಡೆಯ ಗಡಿಯಾರದ್ದಲ್ಲ. ಬೆಂಗಳೂರಿನಲ್ಲಿ ಮೇ ಕೊನೆಗೆ ಸೂರ್ಯ ಆರಕ್ಕೂ ಮೊದಲೇ ಹುಟ್ಟಿದರೆ ಜನವರಿ ಕೊನೆಗೆ ಆರೂ ಮುಕ್ಕಾಲಾಗುತ್ತದೆ. ಏಳುವ ಹೊತ್ತೂ ಅದರ ಜೊತೆಗೇ ಸರಿಯುತ್ತಿತ್ತು. ಧನುರ್ಮಾಸದ ನಡುಗುವ ಚಳಿಯಲ್ಲಿ ಕತ್ತಲಿರುವಾಗಲೇ ಎದ್ದು ಸ್ನಾನ ಮುಗಿಸಿ ಗುಡಿಯ ಹುಗ್ಗಿಗೆ ನಿಲ್ಲುತ್ತಿದ್ದವರು ರಾತ್ರಿ ಎಂಟಕ್ಕೆ ಊಟ ಮುಗಿಸಿ ದೀಪ ಆರಿಸುತ್ತಿದ್ದರು. ಏಳುವ ಅರ್ಧವನ್ನು ಉಳಿಸಿಕೊಂಡು ಮಲಗುವ ಅರ್ಧವನ್ನು ಬಿಟ್ಟವರು ನಾವು.

ಪರೀಕ್ಷೆಯ ದಿನಗಳಲ್ಲಿ ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸಿ ಟ್ಯೂಬ್‌ಲೈಟಿನ ಕೆಳಗೆ ಕೂರಿಸುವ ಪೋಷಕರು ಇನ್ನೊಂದು ಸಂಗತಿ ತಿಳಿದಿರಬೇಕು. ಮೈಬಿಸಿ ಅತ್ಯಂತ ಕೆಳಗಿಳಿಯುವ ಹೊತ್ತಿನ ಆನಂತರ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಂದು ಬೇಗ ಏಳಲು ನೆರವಾಗುತ್ತದೆ. ಅದಕ್ಕೂ ಮೊದಲು ಬಿದ್ದ ಬೆಳಕು ತದ್ವಿರುದ್ಧ ಕೆಲಸ ಮಾಡುತ್ತದೆ, ಗಡಿಯಾರವನ್ನು ಇನ್ನೂ ತಡಮಾಡುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಎಂಟಕ್ಕೆ ಏಳುವ ಹದಿನೇಳರ ಹುಡುಗನಿಗೆ ನಾಲ್ಕು ಗಂಟೆ ಎಂದರೆ ನಡುರಾತ್ರಿಯೇ. ಆಗ ಬಿದ್ದ ಪ್ರಖರ ಬೆಳಕಿನಿಂದ ಅವನು ಮಾರನೆಯ ರಾತ್ರಿ ಇನ್ನೂ ತಡವಾಗಿ ನಿದ್ದೆಹೋಗುವಂತಾಗಬಹುದು. ಅವನನ್ನು ಬೇಗ ಏಳುವ ರೂಢಿಗೆ ತರಬೇಕಾದರೆ ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಅಲಾರಂ ಹಿಂದಕ್ಕೆ ತರುತ್ತ, ಎದ್ದ ಕೂಡಲೇ ಮಹಡಿಗೋ ಅಂಗಳಕ್ಕೋ ಕಳಿಸುವುದು ಒಳ್ಳೆಯದು. ಸಂಜೆ ಆದ ಮೇಲೆ ಕಾಫಿ ಬೇಡ. ಕುಡಿದ ಐದು ಗಂಟೆಯ ಆನಂತರವೂ ಅದರ ಕೆಫೀನಿನಲ್ಲಿ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಫೋನನ್ನು ಹಾಸಿಗೆಯಿಂದ ದೂರ, ಎದ್ದು ಹೋಗಿಯೇ ಬಂದ್ ಮಾಡಬೇಕಾದ ಕಡೆ ಇಟ್ಟರೆ ರಾತ್ರಿಯ ಬೆಳಕೂ ತಪ್ಪುತ್ತದೆ, ಬೆಳಗಿನ ಕಾಲೂ ನೆಲಕ್ಕೆ ತಾಗುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ಮಲಗಿ ವಾರದ ಬಾಕಿ ತೀರಿಸುವವರಿಗೆ ಸೋಮವಾರ ಅಷ್ಟು ಕಷ್ಟವಾಗುವುದಕ್ಕೆ ಮ್ಯೂನಿಕ್‌ನ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು ಸೋಷಿಯಲ್ ಜೆಟ್‌ಲ್ಯಾಗ್ ಎಂದು ಹೆಸರಿಟ್ಟರು. ವಾರಕ್ಕೊಮ್ಮೆ ದುಬೈಗೆ ಹೋಗಿ ಬಂದಷ್ಟು ಗಡಿಯಾರ ಏರುಪೇರಾಗಿರುತ್ತದೆ, ಮನೆಯಿಂದ ಹೊರಗೆ ಕಾಲಿಟ್ಟಿರುವುದಿಲ್ಲ.

ಈ ಸಲಹೆಗಳೆಲ್ಲ ಸಮಯ ತಮ್ಮ ಕೈಯಲ್ಲಿರುವವರಿಗೆ. ಎಲ್ಲರಿಗಿಂತ ಮೊದಲು ಯಾರ ಅಲಾರಂ ಹೊಡೆಯುತ್ತದೆ ಎಂದು ನಿಮ್ಮ ಮನೆಯಲ್ಲೇ ನೋಡಿ. ಡಬ್ಬಿಗೆ ಚಪಾತಿ, ಚಿತ್ರಾನ್ನ, ಬಿಂದಿಗೆಗೆ ನೀರು, ಮಕ್ಕಳ ಸಮವಸ್ತ್ರ, ಆಮೇಲೆ ತಾನೂ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಆ ವ್ಯತ್ಯಾಸದ ಒಂದು ಪಾಲು ಬೆಳಗಿನ ಜಾವದಿಂದಲೇ ಕತ್ತರಿಸಿ ಬಂದದ್ದು. ಅವರಿಗೆ ಬೇಗ ಮಲಗಿ ಎಂದು ಹೇಳುವ ಮೊದಲು ರಾತ್ರಿಯ ಪಾತ್ರೆ ಯಾರು ತೊಳೆಯುತ್ತಾರೆ ಎಂದು ಕೇಳಬೇಕು. ಅವರ ಆಯಾಸವನ್ನು ಸ್ವಭಾವ ಎಂದು ತಳ್ಳಿಹಾಕುವುದೂ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಏಳೆಂಟು ಗಂಟೆ ಮಲಗಿಯೂ ವಾರಗಟ್ಟಲೆ ಮೈ ಏಳಲೊಪ್ಪದಿದ್ದರೆ ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತದೆ ಎಂದು ಮನೆಯವರು ಹೇಳಿದರೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ವೈದ್ಯರಲ್ಲಿ ತೋರಿಸಬೇಕು. ಏಳಲು ಕಾರಣವೇ ಕಾಣುತ್ತಿಲ್ಲ, ಬೆಳಗಾಗುವುದೇ ಬೇಡವೆನಿಸುತ್ತದೆ ಎಂದು ಯಾರಾದರೂ ಹೇಳಿದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಅವರ ಮೇಲಿನ ಮುಸುಕು ಎಳೆದು ಗದರಬೇಡಿ, ಪಕ್ಕದಲ್ಲಿ ಕೂತು ಕೇಳಿ.

ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಶಾಲೆ ಮತ್ತು ಪಿಯು ಕಾಲೇಜಿನ ಮಕ್ಕಳ ವಿಷಯ. ಹರೆಯ ಬಂದಂತೆ ಜೈವಿಕ ಗಡಿಯಾರ ತಡವಾಗುತ್ತ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡದ ಮಟ್ಟ ಮುಟ್ಟಿ, ಆಮೇಲೆ ಹಿಂದಕ್ಕೆ ಬರುತ್ತದೆ. ಮೊಬೈಲು ಅದನ್ನು ಕೆಡಿಸುತ್ತದೆ, ನಿಜ. ಆದರೆ ಮೊಬೈಲಿಲ್ಲದಿದ್ದರೂ ಆ ಸರಿಯುವಿಕೆ ಇರುತ್ತದೆ. ಹದಿಹರೆಯದವರಿಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. ಅದಕ್ಕಾಗಿಯೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳು ಎಂಟೂವರೆಗೆ ಮೊದಲು ಶುರುವಾಗಬಾರದು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪ್ರೌಢಶಾಲೆಗಳ ಮಟ್ಟಿಗೆ ಅದು ಕಾನೂನೇ ಆಯಿತು. ನಮ್ಮ ನೆರೆಯ ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆ ಬೆಳಗ್ಗೆ ಒಂಬತ್ತಕ್ಕೋ ಅದರ ನಂತರವೋ ಶುರುವಾಗಬೇಕು ಎಂದು ಆದೇಶ ಮಾಡಿತು. ಚಿಕ್ಕವರಿಗೆ ಮಾಡಿದ್ದು ಒಳ್ಳೆಯದೇ. ಗಡಿಯಾರ ಹೆಚ್ಚು ತಡವಾಗಿರುವುದು ಮಾತ್ರ ದೊಡ್ಡ ಮಕ್ಕಳಲ್ಲಿ.

ನಮ್ಮ ರಾಜ್ಯಕ್ಕೆ ಇನ್ನೊಂದು ತೊಡಕಿದೆ. ಭಾರತದ ಸಮಯ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು. ಬೆಂಗಳೂರಿನಲ್ಲಿ ಸೂರ್ಯ ಅದಕ್ಕಿಂತ ಸುಮಾರು 20 ನಿಮಿಷ ತಡ, ಕಾರವಾರದಲ್ಲಿ ಅರ್ಧ ಗಂಟೆಗೂ ಹೆಚ್ಚು ತಡ. ಸಂಜೆ ಬೆಳಕು ಹೆಚ್ಚು ಹೊತ್ತು ಇದ್ದಷ್ಟೂ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆ ಮಾತ್ರ ದೇಶದ ಗಡಿಯಾರಕ್ಕೆ ಶುರುವಾಗುತ್ತದೆ. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಅಂಕಿಅಂಶಗಳನ್ನಿಟ್ಟುಕೊಂಡು ಇದನ್ನು ಲೆಕ್ಕ ಹಾಕಿದರು. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆಯಲ್ಲಿ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ, ಕೊನೆಗೆ ಅವರು ಓದುವ ವರ್ಷಗಳಲ್ಲೂ ಸರಾಸರಿ 0.8 ವರ್ಷ ಕಡಿಮೆಯಾಗುತ್ತದೆ ಎಂಬುದು ಅವರ ಅಂದಾಜು. ಪೆಟ್ಟು ಹೆಚ್ಚು ಬೀಳುವುದು ಬಡ ಮನೆಗಳ ಮಕ್ಕಳಿಗೆ.

2023ರಲ್ಲಿ ಬೆಂಗಳೂರಿನಲ್ಲಿ ಶಾಲೆಗಳ ಸಮಯ ಬದಲಿಸುವ ಚರ್ಚೆ ಎದ್ದಿತ್ತು. ಚರ್ಚೆಗೆ ಕಾರಣ ರಸ್ತೆಯ ವಾಹನ ದಟ್ಟಣೆ. ಮಕ್ಕಳ ನಿದ್ದೆ ಆ ಮಾತುಕತೆಯ ನಡುವೆ ಕೂತಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಸಮಯ ಬದಲಿಸುವುದು ಸರ್ಕಾರಕ್ಕೆ ಹೊಸದೇನೂ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲಿಗಾಗಿ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತವೆ. ದೇಹಕ್ಕೆ ತಡೆಯಲಾಗುವುದಿಲ್ಲ ಎಂದು ಒಪ್ಪಿಯೇ ಆ ಆದೇಶ ಹೊರಡುವುದು. ಹದಿನಾರರ ಹುಡುಗಿಯ ನಿದ್ದೆಯೂ ದೇಹದ್ದೇ ಬೇಡಿಕೆ.

ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಶಾಲೆಯವರನ್ನು ಎರಡು ವಿಷಯ ಕೇಳಬಹುದು. ಶಾಲೆಯ ಬಸ್ಸು ತನ್ನ ಮೊದಲ ನಿಲ್ದಾಣದಲ್ಲಿ ಮೊದಲ ಮಗುವನ್ನು ಎಷ್ಟು ಗಂಟೆಗೆ ಹತ್ತಿಸಿಕೊಳ್ಳುತ್ತದೆ? ಹತ್ತನೆಯ ತರಗತಿಯ ಮತ್ತು ಪಿಯು ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ ಇದ್ದರೆ ಅದನ್ನು ಸಂಜೆಗೆ ತರಲು ಅಡ್ಡಿ ಏನು? ಮೊದಲನೆಯ ಪ್ರಶ್ನೆಗೆ ಉತ್ತರ ಆರೂ ಕಾಲು ಎಂದು ಬಂದರೆ, ಆ ಮಗು ಏಳುವುದು ಐದೂವರೆಗೆ, ಎಬ್ಬಿಸುವ ತಾಯಿ ಏಳುವುದು ನಾಲ್ಕೂವರೆಗೆ. ಬಸ್ಸಿನ ದಾರಿಯನ್ನು ತಿಂಗಳಿಗೊಮ್ಮೆ ತಿರುವಿಹಾಕಿ, ಮೊದಲು ಹತ್ತುವ ಸರದಿ ಒಂದೇ ಮಗುವಿನ ಮೇಲೆ ವರ್ಷವಿಡೀ ಬೀಳದಂತೆ ಮಾಡುವುದನ್ನಂತೂ ಶಾಲೆಗಳು ಈ ತಿಂಗಳೇ ಶುರುಮಾಡಬಹುದು.